ಕಾದ ಮೈಗೆ ಬಾವಿ ನೀರು

ಮಧ್ಯಾಹ್ನ ಎರಡೂ ಹತ್ತಕ್ಕೆ ನನ್ನ ಭಾವ ಮಲ್ಲಪ್ಪ ಬಾವಿಗೆ ಹಾರಿದರು. ಮೇಲೆ ಬಂದರು, ಬಾಯಿ ತೆರೆದರು, ಮತ್ತೆ ಮುಳುಗಿದರು. ದಂಡೆಯ ಮೇಲಿದ್ದ ನಾವೆಲ್ಲ ನಕ್ಕೆವು.

ನಗದೆ ಇನ್ನೇನು ಹೇಳಿ? ಕೃಷ್ಣೆಯನ್ನೇ ಈಜಿ ದಾಟಿದ ಮನುಷ್ಯ. ಮುಳುಗಿ ಬಂದು ಯಾರದಾದರೂ ಕಾಲೆಳೆಯುವುದು ಅವರ ಹಳೆಯ ಆಟ.

ತೆಲಂಗಾಣದ ಮಕ್ತಲ್ ಕಡೆಯ ಕುರುಬರ ಕೆಲಸ ನೋಡದವರಿಗೆ ಒಂದು ಮಾತು. ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯಬೇಕು. ಸಂಜೆಯೊಳಗೆ ಉಣ್ಣೆ ಒಣಗಬೇಕು. ಹಾಗಾಗಿ ತೊಳೆಯುವುದು ಸುಡುಬಿಸಿಲಿನಲ್ಲೇ. ಮೇಲಿನವರು ಒಂದೊಂದೇ ಕುರಿಯನ್ನು ಬಾವಿಗೆ ಇಳಿಸುತ್ತಾರೆ. ನೀರೊಳಗಿದ್ದವನು ಉಜ್ಜಿ ಮೆಟ್ಟಿಲಿಗೆ ದಾಟಿಸುತ್ತಾನೆ. ಭಾವ ಬೆಳಿಗ್ಗೆಯಿಂದ ಹಿಂಡಿನ ಹಿಂದೆ ನಡೆದು ಬಂದಿದ್ದರು. ಮೈ ಕಾದ ಹೆಂಚು. (ಭುಜ ಮುಟ್ಟಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.) ಬಾವಿಯ ನೀರೋ, ಬಿಸಿಲನ್ನೇ ಕಾಣದ್ದು.

"ಏ ಮಲ್ಲಣ್ಣ, ನಾಟಕ ಸಾಕು. ಕುರಿ ಕಾಯಾಕತ್ಯಾವ," ಎಂದರು ಯಾರೋ.

ಅಕ್ಕ ಸಾಬಮ್ಮ ನಗಲಿಲ್ಲ. "ಆಟ ಆಡಾವ ನೀರಾಗ ಬಾಯಿ ತೆರಿತಾನೇನ್ರಿ?" ಎಂದವಳೇ ಮೆಟ್ಟಿಲಿಳಿದು, ಕುರಿಯ ಕಾಲು ಹಿಡಿಯುವ ಕೊಕ್ಕೆಕೋಲು ಚಾಚಿ, ಗಂಡನ ನಡುಪಟ್ಟಿಗೆ ಸಿಕ್ಕಿಸಿ ಎಳೆದಳು. ನಾವು ಇಳಿದದ್ದು ಆಮೇಲೆ. ಈ 'ಆಮೇಲೆ' ನನ್ನನ್ನು ಇನ್ನೂ ಬಿಟ್ಟಿಲ್ಲ.

ಕುರಿ ಸಾಗಿಸುವ ಆಟೋದಲ್ಲೇ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ತೆಲುಗಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಕಾದ ಮೈ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಕಾವು ಹೊರಹಾಕುತ್ತಿರುತ್ತದೆ. ತಣ್ಣೀರು ಒಮ್ಮೆಲೇ ಬಡಿದರೆ ಅವು ಬಿಗಿದುಕೊಳ್ಳುತ್ತವೆ, ಗುಂಡಿಗೆ ಓಡುತ್ತದೆ, ಮೈ ನಮ್ಮನ್ನು ಕೇಳದೆಯೇ ಉಸಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ತಲೆ ನೀರಿನೊಳಗಿದ್ದರೆ? ಒಳಹೋಗುವುದು ನೀರೇ. ಈಜು ಬರುತ್ತದೋ ಇಲ್ಲವೋ ಎಂದು ಶ್ವಾಸಕೋಶ ಕೇಳುವುದಿಲ್ಲ.

ಬಿಸಿಲಲ್ಲಿ ಗದ್ವಾಲ್‌ವರೆಗೆ ಬೈಕ್ ಓಡಿಸಿ, ಇಳಿದ ಕೂಡಲೇ ತಲೆಗೆ ಕೊಡ ಸುರಿದುಕೊಳ್ಳುವವರು ಯಾರು? ನಾವೇ. ಮೈ ಹೊಂದಿಕೊಳ್ಳುತ್ತದೆ, ನಿಜ. ಸ್ವಲ್ಪ ಟೈಮ್ ಕೇಳುತ್ತದೆ, ಅಷ್ಟೇ. ಊರಿಗೆಲ್ಲ ಅಡ್ಜಸ್ಟ್ ಮಾಡಿಕೊಳ್ಳಿ ಎನ್ನುವ ನಾವು ಅದಕ್ಕೆ ಎರಡು ನಿಮಿಷ ಕೊಡುವುದಿಲ್ಲ.

ಭಾವ ಮನೆಗೆ ಬಂದರು. ಕೆಮ್ಮು ಉಳಿಯಿತು. ರಾತ್ರಿಯೆಲ್ಲ ಅಕ್ಕ ಎದ್ದೆದ್ದು ಅವರ ಉಸಿರು ಆಲಿಸುತ್ತಿದ್ದಳು. ಇಲ್ಲಿ ನಾರಾಯಣಪೇಟೆಯ ನನ್ನ ಮನೆಯಲ್ಲಿ ನಾನು ಕಣ್ಣು ಮುಚ್ಚಿದರೆ ಆ ತೆರೆದ ಬಾಯಿ.

ಆದರೆ ಹಿಂಡು ತೊಳೆಯದೇ ಉಳಿದಿತ್ತಲ್ಲ? ಕೆಮ್ಮು ನಿಂತ ಮೇಲೆ ಭಾವ ಮತ್ತೆ ಅದೇ ಬಾವಿಗೆ ಹೊರಟರು. ಅಕ್ಕ ಬೇಡವೆನ್ನಲಿಲ್ಲ. ನಾನೂ ಹೋದೆ. ಭಾವ ಮೊದಲು ಬೇವಿನ ನೆರಳಲ್ಲಿ ಕೂತು ಬೆವರು ಆರಿಸಿಕೊಂಡರು. ಆಮೇಲೆ ಮೆಟ್ಟಿಲ ಮೇಲೆ ಕೂತು ಪಾದ, ಮೊಣಕಾಲು, ತೋಳು ತೋಯಿಸಿಕೊಂಡರು.

"ಏನ್ ಮಲ್ಲಣ್ಣ, ಮದಿಮಗಳ ನೀರೇನ ಇದು? ಅರಿಶಿಣ ತರಲೇನು?" ಎಂದು ದಂಡೆಯ ಮೇಲಿಂದ ಯಾರೋ ಕೂಗಿದರು.

"ತಾರಪ್ಪ. ಉಳದೀನಿ, ಹಚ್ಚಿಕೊಳ್ತೀನಿ," ಎಂದು ಭಾವ ಇನ್ನೊಂದು ಬೊಗಸೆ ಎದೆಗೆ ಹಾಕಿಕೊಂಡು, ಮೆಲ್ಲನೆ ಇಳಿದರು. ಇಡೀ ಹಿಂಡು ತೊಳೆದು ತಾವೇ ಮೇಲೆ ಬಂದರು.

ಮಾರನೆಯ ಬೆಳಿಗ್ಗೆ ಅಕ್ಕನ ಫೋನ್. ದನಿಯಲ್ಲಿ ಇನ್ನೂ ನಿದ್ದೆ ಇತ್ತು.

"ನಿಮ್ಮ ಭಾವನ ಗೊರಕಿಗೂ ಎಚ್ಚರ ಆಗಲಿಲ್ಲ ನೋಡು, ಹೊತ್ತು ಏರೋತನಕ ಮಲಗೀನಿ. ನೀ ಮಲಗಿದೇನ?"