ಹಸಿ ಉಪ್ಪು, ಜೋಳದ ಕಲ್ಲು

ಆಗ ನನಗೆ ಹದಿನಾರು ವರ್ಷ. ಈಗ್ಗೆ ಸುಮಾರು ಎಪ್ಪತ್ತು ವರ್ಷದ ಹಿಂದಿನ ಮಾತು. ಗಜೇಂದ್ರಗಡದಲ್ಲಿ ಹುಟ್ಟಿದವಳು, ನರಗುಂದಕ್ಕೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮದುವೆಯಾದ ಮೇಲಿನ ಮೊದಲ ನಾಗರ ಪಂಚಮಿಗೆ ಅಣ್ಣ ಬಂದು ತವರಿಗೆ ಕರೆದೊಯ್ಯುತ್ತಾನೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಉಳಿದದ್ದೆಲ್ಲ ಜೋಳ ಬೀಸುವುದು, ರೊಟ್ಟಿ ಬಡಿಯುವುದು, ಬೈಸಿಕೊಳ್ಳುವುದು.

ಬೇಸಿಗೆ ಮುಗಿಯುವ ಹೊತ್ತಿಗೆ ಮಾವಿನಕಾಯಿ ಬಂದವು. ಉಪ್ಪಿನಕಾಯಿ ಹಾಕಬೇಕಿತ್ತು. ಮಾವ ಪೇಟೆಯಿಂದ ಹರಳುಪ್ಪು ತಂದರು. ಚೀಲದ ತಳ ಒದ್ದೆಯಾಗಿತ್ತು. ನಾನು ಒಂದು ಹರಳು ಬಾಯಿಗೆ ಹಾಕಿಕೊಂಡೆ.

ನನ್ನ ಅವ್ವ ಉಪ್ಪು ಕೊಳ್ಳುವುದೇ ಹಾಗೆ. ಹರಳನ್ನು ನಾಲಿಗೆಯ ಮೇಲೆ ಕರಗಿಸಬೇಕು, ಉಗುಳಬೇಕು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು. ಆಮೇಲೆ ಗಂಟಲಲ್ಲಿ ಕಹಿ ಬಂದರೆ ಅದು ಹೊಸ ಉಪ್ಪು. ನೀರು ಬಿಡುತ್ತದೆ, ಉಪ್ಪಿನಕಾಯಿಗೆ ಬೇಡ. ಹಳೆಯ ಉಪ್ಪು ಮುಷ್ಟಿಯಲ್ಲಿ ಹಿಡಿದರೂ ಅಂಟುವುದಿಲ್ಲ. ಇದು ಅಂಟಿತು. ಕಹಿಯೂ ಬಂತು.

“ಅತ್ತಿ, ಈ ಉಪ್ಪು ಕಹಿ ಐತ್ರಿ. ಹಸೀನೂ ಐತಿ,” ಎಂದೆ.

“ಉಪ್ಪು ಉಪ್ಪ ಇರತೈತಿ. ಕಹಿ ನಿನ್ನ ಬಾಯಾಗ ಐತಿ. ಬೀಸು.”

ಆ ಮನೆಯಲ್ಲಿದ್ದದ್ದು ಒಂದೇ ಬೀಸುಕಲ್ಲು, ಜೋಳದ್ದು. ತವರಿನಲ್ಲಿ ಉಪ್ಪು ಖಾರಕ್ಕೆ ಸಣ್ಣ ಕಲ್ಲು ಬೇರೆಯೇ ಇತ್ತು. ಜೋಳದ ಕಲ್ಲಿನ ಉಳಿಪೆಟ್ಟಿನ ಗೆರೆಗಳಲ್ಲಿ ಹಿಟ್ಟು ಕೂತಿರುತ್ತದೆ, ಎಷ್ಟು ಗುಡಿಸಿದರೂ ಹೋಗುವುದಿಲ್ಲ. ಆ ಹಿಟ್ಟು ಉಪ್ಪಿನ ಜೊತೆ ಜಾಡಿಗೆ ಹೋದರೆ ಉಪ್ಪಿನಕಾಯಿ ಕೆಡದೆ ಏನು ಮಾಡುತ್ತದೆ? ಉಪ್ಪನ್ನು ಬಿಸಿಲಿಗೆ ಒಣಗಿಸಿ ಪಕ್ಕದ ಮನೆಯ ಒಳ್ಳಿನಲ್ಲಿ ಕುಟ್ಟಿ ತರುತ್ತೇನೆ ಎಂದೆ.

“ನಿಮ್ಮವ್ವ ಕಲ್ಲಿಗೊಬ್ಬಾಕಿ ಸೊಸೀನ ತಂದಾಳೇನ? ಇಲ್ಲಿ ಇರೂದು ಒಂದ ಕಲ್ಲು, ಒಬ್ಬಾಕಿ ಸೊಸಿ. ಮಂದಿ ಮನಿ ಬಾಗಲಾ ತುಳೀಬ್ಯಾಡ.”

ಬೀಸಿದೆ. ಉಪ್ಪು ಪುಡಿಯಾಗಿ ಬೀಳಲಿಲ್ಲ, ಹಿಟ್ಟನ್ನು ಕೂಡಿಸಿಕೊಂಡು ಮುದ್ದೆಯಾಗಿ ಬಂತು. ಅತ್ತೆ ತಾನೇ ಕೈಯಾರೆ ಕಲಸಿ, ಜಾಡಿಗೆ ತುಂಬಿ, ಬಾಯಿಗೆ ಅರಿವೆ ಕಟ್ಟಿದಳು. ಜಾಡಿಯ ಹತ್ತಿರ ನನ್ನನ್ನು ಬಿಡಲಿಲ್ಲ.

ಪಂಚಮಿ ಹತ್ತಿರ ಬಂತು. ಅಣ್ಣ ರೋಣದ ಮೇಲೆ ಬಸ್ಸು ಹಿಡಿದು ಬಂದ. ಅವ್ವ ಕಟ್ಟಿದ ಉಂಡಿಯ ಗಂಟು ತಂದಿದ್ದ. ನಾನು ಸೀರೆ ಮಡಿಸಿ ಇಟ್ಟುಕೊಂಡಿದ್ದೆ. ಅವನಿಗೆ ಊಟಕ್ಕೆ ಬಡಿಸಬೇಕೆಂದು ಅತ್ತೆ ಜಾಡಿ ಬಿಚ್ಚಿದಳು. ಒಳಗೆಲ್ಲ ಬಿಳಿ ಬೂಷ್ಟು. ನಾತ ಪಡಸಾಲೆಗೂ ಬಂತು.

ಜಾಡಿಯನ್ನು ತಂದು ಅಣ್ಣನ ಮುಂದೆ ಕುಕ್ಕಿದಳು. “ನೋಡೋ ತಮ್ಮಾ. ನಿಮ್ಮ ತಂಗಿ ಮುಟ್ಟಾಗಿ ಹೊರಗ ಕುಂತಾಗ ಜಾಡಿಗೆ ಕೈ ಹಚ್ಚ್ಯಾಳ. ವರ್ಷದ ಉಪ್ಪಿನಕಾಯಿ ಹೋತು. ಇಂಥಾಕಿನ್ನ ಪಂಚಮಿಗೆ ಹ್ಯಾಂಗ ಕಳಸೂದು? ಮೊದಲ ಇಲ್ಲಿ ಮೈಲಿಗಿ ಅಂದ್ರೇನು ಕಲೀಲಿ.”

“ಹಸಿ ಉಪ್ಪು. ಜೋಳದ ಕಲ್ಲಾಗ ಬೀಸಿದ್ದು. ಅದಕ್ಕ ಬೂಷ್ಟ ಬಂದೈತಿ,” ಎಂದೆ. “ಮಾವಾರ, ಹೇಳ್ರಿ. ಚೀಲ ಒದ್ದಿ ಇತ್ತಿಲ್ಲೋ?”

ಮಾವ ತಂಬಾಕು ತಿಕ್ಕುತ್ತ ಬೀದಿಯ ಕಡೆ ನೋಡಿದರು. ಗಂಡ ಹೊಲಕ್ಕೆ ಹೋಗಿದ್ದ. ಮನೆಯಲ್ಲಿದ್ದರೂ ಅವನೂ ಬೀದಿಯನ್ನೇ ನೋಡುತ್ತಿದ್ದ.

ಅಣ್ಣ ನನ್ನನ್ನು ಬಾಗಿಲ ಮರೆಗೆ ಕರೆದ. ನನ್ನ ಪರವಾಗಿ ಏನೋ ಹೇಳುತ್ತಾನೆ ಎಂದುಕೊಂಡೆ.

“ಖರೇ ಹೇಳು. ಮುಟ್ಟಿದೇನ?”

ನಾನು ಉಂಡ ಉಪ್ಪನ್ನೇ ಉಂಡು ಬೆಳೆದವನು ಅವನು. ಅವ್ವ ಉಪ್ಪು ಕೊಳ್ಳುವಾಗ ನನ್ನ ಜೊತೆ ನಿಂತು ನೋಡಿದವನು.

“ನೀನೂ ಇದನ್ನ ಕೇಳಾಕ ಬಸ್ಸು ಹತ್ತಿ ಬಂದೇನ? ಹೋಗು,” ಎಂದೆ.

ಹೋದ. ಮತ್ತೊಮ್ಮೆ ಕೇಳಿ ನೋಡಲೂ ಇಲ್ಲ. ಉಂಡಿಯ ಗಂಟು ಕಟ್ಟೆಯ ಮೇಲೆ ಉಳಿಯಿತು. ಸಂಜೆ ಅತ್ತೆ ಅದನ್ನು ಬಿಚ್ಚಿ ಒಂದು ತಿಂದು, “ಬೆಲ್ಲ ಕಡಿಮಿ ಆಗೈತಿ,” ಎಂದಳು. ಇನ್ನೊಂದು ತೆಗೆದುಕೊಂಡಳು.

ಮುಂದಿನ ವರ್ಷ ಪಂಚಮಿಗೆ ಕಳಿಸಿದರು. ಅಷ್ಟೊತ್ತಿಗೆ ನನಗೆ ಹೋಗುವ ಆಸೆಯೇ ಹೋಗಿತ್ತು. ಹಬ್ಬದ ಜೋಕಾಲಿ ಹತ್ತಲಿಲ್ಲ.

ಆದರೆ ಆ ಮೊದಲ ವರ್ಷ, ಅಣ್ಣ ಹೋದ ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ, ತಲೆ ತುಂಬ ಸೆರಗು ಹೊದ್ದು ಪೇಟೆಗೆ ಹೋದೆ. ವರ್ಷ ತುಂಬದ ಸೊಸೆ ಒಬ್ಬಳೇ ಪೇಟೆಯಲ್ಲಿ ನಿಲ್ಲುವಂತಿರಲಿಲ್ಲ. ಮಾವ ಉಪ್ಪು ತಂದಿದ್ದ ಅಂಗಡಿಯ ಚೀಲಕ್ಕೆ ಕೈ ಹಾಕಿ ಒಂದು ಹರಳು ಬಾಯಿಗೆ ಇಟ್ಟುಕೊಂಡೆ.

“ಯವ್ವಾ, ಯಾರ ಮನಿ ಸೊಸಿ ನೀ?” ಎಂದ ಅಂಗಡಿಯವನು.

ಬಾಯಲ್ಲಿ ಉಪ್ಪಿತ್ತು. ಅವನ ಅಂಗಡಿಯ ಮುಂದೆಯೇ ಉಗುಳಿ, ಸುಮ್ಮನೆ ನಿಂತೆ. ಕಹಿ ಬಂತು. ಮುಂದಿನ ಅಂಗಡಿಗೆ ನಡೆದೆ.