ಬಾರ್ಲಿ ಕಷಾಯದ ಪಾತ್ರೆ

ನಮ್ಮ ಕೆಲ್ಲರ್‌ನಲ್ಲಿ, ಅಂದರೆ ನೆಲಮಾಳಿಗೆಯ ಸಾಮಾನು ಕೋಣೆಯಲ್ಲಿ, ಹಳೆಯ ಸೈಕಲ್ಲಿನ ಹಿಂದೆ ತೊಂಬತ್ತು ಲೀಟರಿನ ಒಂದು ಸ್ಟೀಲ್ ಪಾತ್ರೆ ಇತ್ತು. ನಿನ್ನೆ ಅದರ ಮುಚ್ಚಳ ತೆಗೆದೆ. ಇಷ್ಟು ವರ್ಷಗಳಲ್ಲಿ ಅದರಲ್ಲಿ ನಮ್ಮ ಕನ್ನಡ ಬಳಗದ ಬಿಸಿಬೇಳೆಬಾತ್ ಎಷ್ಟು ಸಲ ಬೆಂದಿದೆಯೋ ಲೆಕ್ಕವಿಲ್ಲ. ಆದರೂ ಮುಚ್ಚಳ ತೆಗೆದೊಡನೆ ನನ್ನ ಮೂಗಿಗೆ ಬಂದದ್ದು ಇಂಗಿನ ವಾಸನೆಯಲ್ಲ, ನೆನೆದ ಬಾರ್ಲಿಯ ಸಿಹಿ ವಾಸನೆ. ಮಗಳನ್ನು ಕರೆದು ಮೂಸಿಸಿದೆ. ಅವಳು ಬಗ್ಗಿ ನೋಡಿ, "ಅಮ್ಮಾ, ಡಾ ರೀಖ್ಟ್ ಗಾರ್ ನಿಕ್ಸ್" ಎಂದು ಜರ್ಮನ್‌ನಲ್ಲಿ ಹೇಳಿ ಹೋದಳು. ಯಾವ ವಾಸನೆಯೂ ಇಲ್ಲವಂತೆ. ಇರಬಹುದು, ಕೆಲವು ವಾಸನೆಗಳು ಪಾತ್ರೆಯಲ್ಲಿ ಇರುವುದೇ ಇಲ್ಲ.

ಪಾತ್ರೆ ಹೊರಗೆ ಬರಲು ಕಾರಣ ಸಿಂಧು. ಮೈಸೂರಿನ ಹುಡುಗಿ, ಪಕ್ಕದ ಊರು ರೆನ್ನಿಂಗೆನ್ನಿನಲ್ಲಿ ಸಂಶೋಧನೆಯ ಕೆಲಸ. ಫೋನ್ ಮಾಡಿ, "ಆಂಟಿ, ನಿಮ್ಮ ಹತ್ರ ದೊಡ್ಡ ಪಾತ್ರೆ ಇದೆಯಂತಲ್ಲ? ಫ್ರೆಂಡ್ಸ್ ಎಲ್ಲ ಸೇರಿ ಒಂದ್ ಬಾರ್ಲಿ ಐಟಂ ಮಾಡ್ತಿದೀವಿ. ಒಂಥರಾ ಪಾಯಸ ಅಂದ್ಕೊಳಿ" ಎಂದಳು. ಎಷ್ಟು ಎಂದು ಕೇಳಿದೆ. ಇಲ್ಲಿಯವರೆಗೆ ಇಪ್ಪತ್ತು ಲೀಟರ್ ಮಾಡುತ್ತಿದ್ದರಂತೆ, ಈಗ ಅರವತ್ತು ಬೇಕಂತೆ. ಅರವತ್ತು ಲೀಟರ್ ಪಾಯಸ! ನಾನು ಫೋನನ್ನು ದೂರ ಹಿಡಿದು ನಕ್ಕೆ. ಆ ಸುಳ್ಳು ನನಗೆ ಹೊಸದಲ್ಲ. ಅದರ ಮೊದಲ ಒಡತಿ ನಾನೇ.

ಜರ್ಮನಿಯೂ ಕಂಪ್ಯೂಟರ್ ಎಂಜಿನಿಯರುಗಳಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲದ ಮಾತು. ಕಾರ್ಡು ನನ್ನ ಗಂಡನದು, ಅವರಿಗೆ ಫ್ರಾಂಕ್‌ಫರ್ಟಿನ ಪಕ್ಕದ ಎಷ್‌ಬಾರ್ನಿನಲ್ಲಿ ಆಫೀಸು. ನಾನೂ ಎಂಜಿನಿಯರೇ, ಆದರೆ ನನ್ನ ವೀಸಾದ ಮೇಲೆ ದುಡಿಯುವಂತಿಲ್ಲ ಎಂದು ಜರ್ಮನ್ ಭಾಷೆಯಲ್ಲಿ ಮುದ್ರೆ ಒತ್ತಿದ್ದರು. ನಾನು ಕಲಿತ ಮೊದಲ ಜರ್ಮನ್ ವಾಕ್ಯವೇ ಅದು. ಗಂಡ ಬೆಳಗ್ಗೆ ಎಸ್-ಬಾನ್ ರೈಲು ಹಿಡಿದು ಹೋದ ಮೇಲೆ ನಾನು ಮನೆಯ ಕಿಟಕಿಗಳನ್ನು ಒರೆಸುತ್ತಿದ್ದೆ. ಎರಡು ಕೋಣೆಯ ಮನೆಗೆ ಎಷ್ಟು ಕಿಟಕಿ ಇದ್ದೀತು? ಹನ್ನೊಂದು ಗಂಟೆಗೆಲ್ಲ ಮುಗಿದುಹೋಗುತ್ತಿತ್ತು.

ಹಾಗೆ ಬಟ್ಟೆ ಒಗೆಯಲು ಕೆಳಗಿಳಿದಾಗ ಒಂದು ದಿನ ಒಗೆಯುವ ಕೋಣೆಯಲ್ಲಿ ಹೆರ್ ವೋಲ್ಫ್ ಸಿಕ್ಕರು. ಕೆಳಗಿನ ಮನೆಯ ಮುದುಕರು, ಟಪಾಲು ಇಲಾಖೆಯಿಂದ ನಿವೃತ್ತರಾದವರು. ಹಣ್ಣು ಬೇಯಿಸಿ ಡಬ್ಬಿಗೆ ತುಂಬುವ ಎನಾಮಲ್ ಪಾತ್ರೆಯಲ್ಲಿ ಏನನ್ನೋ ಕುದಿಸುತ್ತಿದ್ದರು. ಬಿಯರ್. ನಮ್ಮ ಮನೆತನದಲ್ಲಿ ಆ ಶಬ್ದವನ್ನು ಉಚ್ಚರಿಸಿದವರೂ ಇರಲಿಲ್ಲ. ಆದರೆ ನನ್ನ ಕಣ್ಣು ಹೋದದ್ದು ಬಿಯರಿಗಲ್ಲ, ಪಾತ್ರೆಗೆ. ಅದು ಅಂಚಿನವರೆಗೆ ತುಂಬಿತ್ತು. ನಾನು "ಆಖ್ಟುಂಗ್" ಎಂದು ಎಚ್ಚರಿಸಿ ಕೂಗುವಷ್ಟರಲ್ಲಿ ಉಕ್ಕಿ ನೆಲಕ್ಕೆ ಬಿತ್ತು. ಅವರು ಆಶ್ಚರ್ಯದಿಂದ, "ಫ್ರಾವ್ ನಾಖ್‌ಬಾರಿನ್, ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದರು. ನೆರೆಮನೆಯಮ್ಮ ಎಂದೇ ಅವರು ನನ್ನನ್ನು ಕೊನೆಯವರೆಗೂ ಕರೆದದ್ದು.

ಗೊತ್ತಾಗದೆ ಏನು? ನನ್ನ ಅಪ್ಪ ಉಡುಪಿಯ ಸುತ್ತಿನಲ್ಲಿ ಮದುವೆ ಮುಂಜಿಗೆ ಅಡುಗೆ ಮಾಡುವ ಭಟ್ಟರು. ನಾನು ಹುಟ್ಟಿದ್ದು ಕೊಪ್ಪರಿಗೆಗಳ ನಡುವೆ. ಕಣ್ಣುಮುಚ್ಚಾಲೆ ಆಡುವಾಗ ಅವುಗಳೊಳಗೇ ಅಡಗಿ ಕೂರುತ್ತಿದ್ದೆವು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಾತ್ರ ಈ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ "ಅಪ್ಪನದು ಬಿಸಿನೆಸ್" ಎನ್ನುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಬೇಸಿಗೆಗೆ ವೋಲ್ಫರ ಹೆಂಡತಿಗೆ ಎಪ್ಪತ್ತು ತುಂಬುತ್ತಿತ್ತು. ಅಂಗಳದಲ್ಲಿ ಅರವತ್ತು ಮಂದಿಗೆ ತಮ್ಮದೇ ಕೈಯ ಬಿಯರ್ ಕೊಡಬೇಕೆಂಬುದು ಅವರ ಆಸೆ. ಇಪ್ಪತ್ತು ಲೀಟರಿಗೆ ಇದ್ದ ಧೈರ್ಯ ಅರವತ್ತಕ್ಕೆ ಇರಲಿಲ್ಲ. ಯಾವ ಪಾತ್ರೆ ಕೊಳ್ಳುವುದು ಎಂದು ತಲೆಕೆಡಿಸಿಕೊಂಡಿದ್ದರು. ನಾನು, "ಒಬ್ಬರನ್ನು ಕೇಳಿ ಹೇಳುತ್ತೇನೆ" ಎಂದುಬಿಟ್ಟೆ.

ಅಪ್ಪನಿಗೂ ನನಗೂ ಫೋನಿನಲ್ಲಿ ಮಾತೇ ಇರುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಭಾನುವಾರ ಮಧ್ಯಾಹ್ನ ಕಾಲಿಂಗ್ ಕಾರ್ಡಿನ ಉದ್ದುದ್ದ ನಂಬರು ಒತ್ತಿ ಕಾದರೆ, "ಹಲೋ, ಊಟ ಆಯ್ತಾ? ಇರು, ಅಮ್ಮನಿಗೆ ಕೊಡ್ತೇನೆ." ಅಷ್ಟೇ. ಅಷ್ಟಕ್ಕಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಆ ಭಾನುವಾರ, "ಅಪ್ಪಾ, ಅಮ್ಮನಿಗೆ ಕೊಡಬೇಡಿ. ನಿಮ್ಮತ್ರ ಒಂದು ಕೇಳ್ಲಿಕ್ಕುಂಟು" ಎಂದೆ. "ಇಲ್ಲಿ ಕೆಳಗಿನ ಮನೆಯಲ್ಲಿ ಒಂದು ಕಾರ್ಯಕ್ರಮ. ಬಾರ್ಲಿ ಕುದಿಸಿ ಒಂಥರಾ ಕಷಾಯ ಮಾಡ್ತಾರೆ. ಕೊನೆಗೆ ಎಂಥದೋ ಕಹಿ ಹೂ ಹಾಕ್ತಾರೆ. ಅರವತ್ತು ಲೀಟರಿಗೆ ಎಷ್ಟು ದೊಡ್ಡ ಪಾತ್ರೆ ಬೇಕು?"

ಅಪ್ಪ ಕೇಳಿದರು, "ತುಂಬಿದ ಮೇಲೆ ಎತ್ತುವವರು ಯಾರು?"

ನಾನು ಅದನ್ನು ಯೋಚಿಸಿರಲೇ ಇಲ್ಲ. ಅಪ್ಪ, "ಮೊದಲು ಅದನ್ನು ನೋಡ್ಬೇಕು ಮಾರಾಯ್ತಿ. ಎತ್ತುವ ಜನ ಇಲ್ಲದಿದ್ರೆ ಅಡಿಯಲ್ಲಿ ಒಂದು ನಲ್ಲಿ ಕೂರಿಸ್ಲಿಕ್ಕೆ ಹೇಳು. ಅರವತ್ತು ಅಂದ್ರೆ ತೊಂಬತ್ತರದ್ದು ತೆಗೊಳ್ಳಿ. ಉಕ್ಕುವ ವಸ್ತುವಿಗೆ ಮೂರರಲ್ಲಿ ಒಂದು ಪಾಲು ಖಾಲಿ ಬೇಕು. ಬೆರಳಲ್ಲಿ ಬಡಿದು ನೋಡು, ತಗಡಿನ ಹಾಗೆ ಕಿಣಿಕಿಣಿ ಅಂದ್ರೆ ಬೇಡ, ಅಡಿ ಹಿಡೀತದೆ. ಹಿಡಿಯೊಳಗೆ ಇಡೀ ಅಂಗೈ ಹೋಗ್ಬೇಕು. ಆಮೇಲೆ, ತೊಳೆಯುವ ಜಾಗ ಎಲ್ಲುಂಟು? ಬಾಗಿಲಿನ ಅಗಲ ಎಷ್ಟು?" ಎಂದು ಹೇಳುತ್ತಲೇ ಹೋದರು. ನನ್ನ ಅಪ್ಪ ನನ್ನೊಡನೆ ಅಷ್ಟು ಮಾತನಾಡಿದ್ದು ಅದೇ ಮೊದಲು. "ಬೇಯಿಸ್ಲಿಕ್ಕೆ ಸ್ಟೀಲಾದ್ರೂ ಆದೀತು, ತಾಮ್ರ ಆದ್ರೂ ಆದೀತು. ಹುಳಿ ಬರ್ಲಿಕ್ಕೆ ಇಡುವಾಗ ಮಾತ್ರ ಬೇರೆ ಪಾತ್ರೆಗೆ ಹಾಕಿ. ಮುಚ್ಚಳ ಬಿಗಿ ಮಾಡ್ಬೇಡಿ, ಉಸಿರಾಡ್ಲಿಕ್ಕೆ ಜಾಗ ಬೇಕು" ಎಂಬಲ್ಲಿಗೆ ಕಾರ್ಡು ಮುಗಿದು ಫೋನು ಕಡಿದುಹೋಯಿತು.

ಮುಂದಿನ ಶನಿವಾರ ಫ್ರಾಂಕ್‌ಫರ್ಟಿನಲ್ಲಿ ಹೋಟೆಲುಗಳ ಹಳೆಯ ಸಾಮಾನು ಮಾರುವ ಅಂಗಡಿಗೆ ಹೋದೆವು. ವೋಲ್ಫರು ಟೇಪು ಹಿಡಿದು ಅಳೆಯುತ್ತಿದ್ದರು, ನಾನು ಬೆರಳ ಗಂಟಿನಿಂದ ಬಡಿಯುತ್ತ ಹೋದೆ. ಒಂದೊಂದು ಹಿಡಿಯೊಳಗೂ ಅಂಗೈ ತೂರಿಸಿ ನೋಡಿದೆ. ಅಂಗಡಿಯವನಿಗೆ ನಾನು ಹುಚ್ಚಿಯಂತೆ ಕಂಡಿರಬೇಕು. ಆರನೆಯ ಪಾತ್ರೆ ಸರಿಯಾದ ದನಿಯಲ್ಲಿ ಮಾತಾಡಿತು. ಈ ದೇಶಕ್ಕೆ ಬಂದ ಮೇಲೆ ನನಗೆ ಒಂದು ಕೆಲಸ ಗೊತ್ತಿದೆ ಎಂದು ಅನ್ನಿಸಿದ್ದು ಆ ದಿನ.

ಜಂಬ ಹೆಚ್ಚು ದಿನ ಉಳಿಯಲಿಲ್ಲ. ಕುದಿಸಿ, ಆರಿಸಿ, ಪ್ಲಾಸ್ಟಿಕ್ ಪೀಪಾಯಿಗಳಿಗೆ ತುಂಬಿ, ಈಸ್ಟ್ ಹಾಕಿ ನೆಲಮಾಳಿಗೆಯಲ್ಲಿ ಇಟ್ಟಿದ್ದೆವು. ಮೇ ತಿಂಗಳಾದರೂ ಚಳಿ. ನನಗೆ ನಮ್ಮ ಇಡ್ಲಿ ಹಿಟ್ಟಿನದೇ ಚಿಂತೆ. ಪಾಪ, ಈ ಚಳಿಯಲ್ಲಿ ಅದು ಹೇಗೆ ಹುದುಗು ಬಂದೀತು? ಗಂಡನ ಉಣ್ಣೆ ಶಾಲು ತಂದು ಒಂದು ಪೀಪಾಯಿಗೆ ಸುತ್ತಿದೆ. ಇನ್ನೊಂದಕ್ಕೆ ಕಂಬಳಿ, ನಡುವೆ ಬಿಸಿನೀರಿನ ಚೀಲ. ಬೆಳಗ್ಗೆ ನೋಡಿದರೆ ನೊರೆ ಶಾಲನ್ನೆಲ್ಲ ತೋಯಿಸಿ ನೆಲಕ್ಕಿಳಿದಿತ್ತು. ವೋಲ್ಫರು ಕಂಬಳಿಯ ತುದಿಯನ್ನು ಮೆಲ್ಲಗೆ ಎತ್ತಿ, "ಮಗು ಮಲಗಿದೆಯೇ?" ಎಂದು ಪಿಸುಗುಟ್ಟಿದರು. ನಮ್ಮವರು ಶಾಲನ್ನು ಮೂಸಿ, "ನೀನು ಜರ್ಮನ್ ಕ್ಲಾಸಿಗೆ ಹೋಗ್ತಿದೀಯ ಅಂದ್ಕೊಂಡಿದ್ದೆ ಕಣೇ" ಎಂದರು. ಹೆಚ್ಚು ಬೆಚ್ಚಗಾದದ್ದಕ್ಕೋ ಏನೋ, ಆ ಬಿಯರಿಗೆ ಬಾಳೆಹಣ್ಣಿನ ಪರಿಮಳ ಬಂದುಬಿಟ್ಟಿತ್ತು. ಫ್ರಾವ್ ವೋಲ್ಫ್ ಅದನ್ನೇ ಮೆಚ್ಚಿದರು. ಅತಿಥಿಗಳು ಪೀಪಾಯಿಯ ತಳ ಕಾಣುವವರೆಗೆ ಬಿಡಲಿಲ್ಲ. ನಾನು ನಿಂಬೆಹಣ್ಣಿನ ಪಾನಕ ಕುಡಿಯುತ್ತ ಎಲ್ಲರ ಮುಖ ನೋಡುತ್ತಿದ್ದೆ.

ಭಾನುವಾರ ಅಪ್ಪ ತಾವಾಗಿಯೇ ಕೇಳಿದರು, "ಕಷಾಯ ಉಳಿಯಿತಾ?"

"ಒಂದು ತೊಟ್ಟೂ ಇಲ್ಲ ಅಪ್ಪಾ. ಕೇಳಿ ಕೇಳಿ ಹಾಕಿಸ್ಕೊಂಡ್ರು."

"ಹಾಗಾದ್ರೆ ಪಾತ್ರೆ ಸರಿ ಉಂಟು."

ಆಮೇಲೂ ಒಂದಷ್ಟು ವಾರ ನಾನು ಪ್ರಶ್ನೆಗಳನ್ನು ಹುಟ್ಟಿಸಿಕೊಂಡು ಕೇಳಿದೆ. ಮುಚ್ಚಳ ಸೊಟ್ಟಗಾದರೆ ಏನು ಮಾಡುವುದು, ಅಡಿ ಕಪ್ಪಾದರೆ ಯಾವುದರಲ್ಲಿ ಉಜ್ಜುವುದು. ಅವರು ಪ್ರತಿಯೊಂದಕ್ಕೂ ಉತ್ತರ ಕೊಟ್ಟರು. ಅಷ್ಟರಲ್ಲಿ ನನಗೆ ದುಡಿಯುವ ಅನುಮತಿ ಸಿಕ್ಕಿತು. ಕೆಲಸ, ಮಗು, ಬೇರೆ ಊರಿನಲ್ಲಿ ಮನೆ. ಭಾನುವಾರದ ಫೋನಿನಲ್ಲಿ "ಅಪ್ಪಾ, ಸ್ವಲ್ಪ ಅರ್ಜೆಂಟು, ಅಮ್ಮನಿಗೆ ಕೊಡಿ" ಎನ್ನುವ ಸರದಿ ನನ್ನದಾಯಿತು. ಮನೆ ಬಿಡುವಾಗ ವೋಲ್ಫರು ಪಾತ್ರೆಯನ್ನು ನನಗೇ ಕೊಟ್ಟರು. ಅಪ್ಪ ಹೋಗಿ ಈಗ ಒಂಬತ್ತು ವರ್ಷ. ಅದು ಬಿಯರ್ ಎಂದು ನಾನು ಅವರಿಗೆ ಹೇಳಲೇ ಇಲ್ಲ. ಮಡಿಯ ಮನುಷ್ಯ, ನೊಂದುಕೊಂಡಾರು ಎಂಬ ಹೆದರಿಕೆ.

ಇವತ್ತು ಸಿಂಧು ಕಾರು ತಂದಿದ್ದಳು. ನಾನು ಪಾತ್ರೆಯ ಒಂದು ಹಿಡಿ, ಅವಳು ಇನ್ನೊಂದು ಹಿಡಿ ಹಿಡಿದು ಮೆಟ್ಟಿಲು ಹತ್ತಿದೆವು. "ತುಂಬಿದ ಮೇಲೆ ಎತ್ತುವವರು ಯಾರು?" ಎಂದು ಕೇಳಿದೆ. ಅಂದು ಕೂರಿಸಿದ್ದ ಅಡಿಯ ನಲ್ಲಿ ತೋರಿಸಿದೆ. ಮೂರರಲ್ಲೊಂದು ಪಾಲು ಖಾಲಿ ಬಿಡಲು ಹೇಳಿದೆ. "ಹುಳಿ ಬರ್ಲಿಕ್ಕೆ ಇಡುವಾಗ ಮಾತ್ರ ಬೇರೆ ಪಾತ್ರೆಗೆ ಹಾಕು. ಮುಚ್ಚಳ ಬಿಗಿ ಮಾಡ್ಬೇಡ" ಎಂದೆ.

ಸಿಂಧುವಿನ ಮುಖ ಕೆಂಪಾಯಿತು. ಪಾಯಸವನ್ನು ಯಾರು ಹುಳಿ ಬರಿಸುತ್ತಾರೆ?

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಪ್ಪನಿಗೆ ನಾನು ಹೇಳಿದ್ದು ಕುದಿಸುವ ಸಂಗತಿಯನ್ನು ಮಾತ್ರ. ಹುಳಿಯ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ಕಷಾಯವನ್ನು ಯಾರಾದರೂ ಹುಳಿ ಬರಿಸುತ್ತಾರೆಯೇ? ಮೊದಲ ಭಾನುವಾರವೇ ಅವರಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಬಾಗಿಲಿನ ಅಗಲ ಕೇಳಿದರು, ಉಳಿಯಿತಾ ಎಂದು ಕೇಳಿದರು, ನನ್ನ ಪೊಳ್ಳು ಪ್ರಶ್ನೆಗಳಿಗೆಲ್ಲ ವಾರ ವಾರ ಉತ್ತರ ಹೇಳಿದರು. ಅಮ್ಮನಿಗೆ ಫೋನು ಕೊಡದೆ ಇರಲು ಅವರಿಗೂ ಒಂದು ನೆಪ ಬೇಕಿತ್ತು. ಆ ನೆಪವನ್ನು ಕೊನೆಗೆ ಕೈಬಿಟ್ಟವಳು ನಾನು.

"ಆಂಟಿ, ಹುಷಾರಾಗಿದೀರಾ? ಅದು ಆಕ್ಚುವಲಿ ಪಾಯಸ ಅಲ್ಲ..."

"ನಾನೇನು ಕೇಳಿದ್ನಾ? ಮೊದಲು ಪಾತ್ರೆ ಇಡು ಕಾರಲ್ಲಿ."

ಇಟ್ಟಳು. ಡಿಕ್ಕಿ ಮುಚ್ಚಿ, "ಮತ್ತೇನಾದ್ರೂ ಡೌಟ್ ಬಂದ್ರೆ ಫೋನ್ ಮಾಡ್ಲಾ ಆಂಟಿ?" ಎಂದಳು.

"ಭಾನುವಾರ ಮಧ್ಯಾಹ್ನ ಮಾಡು" ಎಂದೆ. "ಡೌಟ್ ಇಲ್ಲದಿದ್ರೂ ಮಾಡು. ಮೈಸೂರಿನ ಮನೆಗೆ ಮಾಡಿ ಆದ ಮೇಲೆ."