ವಾಮನನ ಹೆಸರಿನ ಹುಣಿಸೆ ಬೀಜ

ದೇವಕಿ, ನಿನ್ನ ಗಂಡ ವಾಮನ ಸತ್ತದ್ದು ನೀನು ಗಂಜಿಗೆ ಹಾಕಿದ ಉಪ್ಪಿನಿಂದ ಅಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಹನ್ನೊಂದು ವರ್ಷ ಬಾಯಿ ಮುಚ್ಚಿ ಕೂತೆ — ನಾನು, ನಿನ್ನ ನೆರೆಮನೆಯ ಬಾಯಮ್ಮ.

ಇದನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನನ್ನ ಕೈ ಮೊಮ್ಮಗಳ ಸುದ್ದಿಗೇ ಓಡುತ್ತದೆ. ನಾಲ್ಕನೇ ಕ್ಲಾಸು ಕಲಿತ ಕೈ, ಬರೆಯಲಿಕ್ಕೆ ಕೂತರೆ ಬೆರಳು ಮರಗಟ್ಟುತ್ತದೆ, ಆದರೆ ಅವಳ ಹೆಸರು ಬಂದರೆ ನಿಲ್ಲುವುದೇ ಇಲ್ಲ ಮಾರಾಯ್ತಿ. ನನ್ನ ಮಗಳು ಜೆಸಿಂತಾಳಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಮಗು. ಮುಷ್ಟಿ ಬಿಗಿ ಹಿಡಿದು ಆಕಳಿಸುತ್ತಾಳೆ, ನಾನು ಕೆಲಸ ಬಿಟ್ಟು ನೋಡುತ್ತಾ ನಿಲ್ಲುತ್ತೇನೆ. ಇಷ್ಟು ಸಂತೋಷ ನನಗೆ ಯಾಕೆ ಕೊಟ್ಟ ದೇವರು — ಅದೇ ಹೆದರಿಕೆ. ಇದು ನನಗೆ ಸೇರಬೇಕಾದದ್ದು ಹೌದಾ ಅಂತ.

ಮಗುವಿಗೆ ಅರಸಿನ ಕಾಮಾಲೆ ಬಂದದ್ದು ನಿನಗೆ ಗೊತ್ತುಂಟು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ಕಣ್ಣಿನ ಬಿಳಿ ಹಳದಿಯಾಗಿತ್ತು. ನನ್ನ ಕಾಲು ತನ್ನಷ್ಟಕ್ಕೆ ಹಿತ್ತಿಲಿಗೆ ಹೋಯಿತು. ನಮ್ಮ ಮಾಂಯ್, ಅಂದರೆ ನನ್ನ ಗಂಡನ ತಾಯಿ, ಕಲಿಸಿಕೊಟ್ಟ ಅದೇ ಸೊಪ್ಪು. ಹೆಸರು ಯಾರಿಗೂ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ ಅಂತ ಅವರು ಆಣೆ ಹಾಕಿಸಿದ್ದರು. ಕೊಯ್ದೆ, ತೊಳೆದೆ, ಕಲ್ಲಿನ ಮೇಲೆ ಇಟ್ಟೆ. ಅರೆಯಲಿಕ್ಕೆ ಕೈ ಏಳಲಿಲ್ಲ. ಸೊಪ್ಪನ್ನು ಬಾಳೆಬುಡಕ್ಕೆ ಬಿಸಾಡಿ, ರಿಕ್ಷಾ ತರಿಸು ಅಂತ ಜೆಸಿಂತಾಳಿಗೆ ಹೇಳಿದೆ.

ನನ್ನ ಮೊಮ್ಮಗಳಿಗೆ ಕೊಡಲಿಕ್ಕೆ ಧೈರ್ಯ ಬಾರದ ಮದ್ದನ್ನು ನಿನ್ನ ಗಂಡನಿಗೆ ಕೊಟ್ಟಿದ್ದೆ, ದೇವಕಿ.

ಎರಡು ದಿನ ಮಗುವನ್ನು ಕಣ್ಣಿಗೆ ಬಟ್ಟೆ ಕಟ್ಟಿ ನೀಲಿ ಲೈಟಿನ ಅಡಿ ಮಲಗಿಸಿದರು. ಹಿಮ್ಮಡಿ ಚುಚ್ಚಿ ರಕ್ತ ತೆಗೆದಾಗಲೆಲ್ಲ ನಾನು ಕೊರಿಡಾರಿನಲ್ಲಿ ಜಪಮಾಲೆ ಹಿಡಿದು ಕೂತಿದ್ದೆ. ಒಂದು ಮಣಿಯೂ ಮುಂದೆ ಹೋಗುತ್ತಿರಲಿಲ್ಲ. ನರ್ಸ್ ಹೊರಗೆ ಬಂದು "ಇಳಿಯುತ್ತಾ ಉಂಟು ಅಮ್ಮಾ" ಅಂದಳು. ಇಳಿಯಿತು, ಸರಿ. ಆದರೆ ಅಂದು, ಮದ್ದು ಕೊಟ್ಟ ಎಂಟನೇ ದಿನ, ನನ್ನ ಮೆಟ್ಟಿಲ ಕೆಳಗೆ ನಿಂತಿದ್ದ ವಾಮನನ ಕಣ್ಣು ಅಲ್ಲಿಂದ ನನ್ನ ಎದುರೇ ಉಂಟು —

ಅದನ್ನೇ ಹೇಳಬೇಕು. ಕ್ರಮದಲ್ಲಿ ಹೇಳುತ್ತೇನೆ.

ವಾಮನ ಹೋದ ಆ ವರ್ಷ ನಮ್ಮ ಉಪ್ಪಳದ ವಾಚನಾಲಯಕ್ಕೆ ಒಂದು ಸಂಘದವರು ಬರುತ್ತಿದ್ದರಲ್ಲ — ಕೆಲವು ಡಾಕ್ಟರುಗಳು, ನಾಲ್ಕೈದು ಮಾಷ್ಟ್ರುಗಳು. ಪುರಾವೆ ಇಲ್ಲದೆ ಯಾವ ಮದ್ದನ್ನೂ ಹೊಗಳಬೇಡಿ, ಪುರಾವೆ ಇಲ್ಲದೆ ತೆಗಳಲೂ ಬೇಡಿ ಎನ್ನುವುದು ಅವರ ಮಾತು. ಜನ ಅದಕ್ಕೆ ಪುರಾವೆ ಸಂಘ ಅಂತಲೇ ಹೆಸರಿಟ್ಟಿದ್ದರು. ಅವರಲ್ಲಿ ಒಬ್ಬಳು ಸಣ್ಣ ಪ್ರಾಯದ ಡಾಕ್ಟರಮ್ಮ ನಮ್ಮ ಮನೆಗೆ ಬಂದಳು. ಜಗಳಕ್ಕೆ ಬಂದಿದ್ದಾಳೆ ಅಂತ ನಾನು ಸೆರಗು ಬಿಗಿದುಕೊಂಡೇ ಕೂತಿದ್ದೆ. ಅವಳು ಹೇಳಿದ್ದು ಇಷ್ಟೇ: "ನಿಮ್ಮ ಮದ್ದು ಸುಳ್ಳು ಅಂತ ಹೇಳಲಿಕ್ಕೆ ಬಂದದ್ದಲ್ಲ ಅಮ್ಮ. ಸತ್ಯ ಅಂತ ಹೇಳಲಿಕ್ಕೂ ಅಲ್ಲ. ಎಣಿಸಿ ನೋಡುವ ಅಂತ ಬಂದದ್ದು."

ನಮ್ಮಲ್ಲಿ ಒಂದು ಕ್ರಮ ಇತ್ತು. ಗುಣವಾದವರು ಒಂದು ವರ್ಷ ನಮ್ಮ ಮೆಟ್ಟಿಲು ಹತ್ತಬಾರದು, ಹತ್ತಿದರೆ ರೋಗ ಹಿಂದೆಯೇ ಬರುತ್ತದೆ. ಹಾಗಾಗಿ ಬಾರದವರೆಲ್ಲ ಗುಣವಾದವರು ಅಂತಲೇ ಮಾಂಯ್ ಕಾಲದಿಂದ ನಮ್ಮ ಲೆಕ್ಕ. ಇದನ್ನು ಹೆಮ್ಮೆಯಲ್ಲೇ ಹೇಳಿದೆ. ಡಾಕ್ಟರಮ್ಮ ಕೇಳಿದಳು — ಸತ್ತವರೂ ಬರುವುದಿಲ್ಲ ಅಲ್ಲವಾ?

ಆ ಮಾತಿಗೆ ನನಗೆ ಕೋಪ ಬಂತು. ಕೋಪಕ್ಕಿಂತ ಹೆಚ್ಚು ಹೆದರಿಕೆ.

ನನಗೆ ಬರೆಯಲಿಕ್ಕೆ ಕಷ್ಟ ಅಂತ ಅವಳೇ ಉಪಾಯ ಮಾಡಿದಳು. ಎರಡು ಬಾಟ್ಲಿ, ಒಂದು ಡಬ್ಬಿ ಹುಣಿಸೆ ಬೀಜ. ಮದ್ದು ತೆಗೆದುಕೊಂಡವರ ಹೆಸರು ಅವಳ ಪುಸ್ತಕದಲ್ಲಿ. ಗುಣವಾದರೆ ಒಂದು ಬೀಜ ಮೊದಲ ಬಾಟ್ಲಿಗೆ, ಇಲ್ಲದಿದ್ದರೆ ಎರಡನೆಯದಕ್ಕೆ. ಮತ್ತೊಂದು ಮಾತು ಕೈಹಿಡಿದು ಹೇಳಿದ್ದಳು — ವಾರ ಕಳೆದೂ ಹಳದಿ ಇಳಿಯದಿದ್ದರೆ, ವಾಂತಿಯಾದರೆ, ನನಗೆ ಫೋನ್ ಮಾಡಿ, ನಾನೇ ಜೀಪು ತಂದು ಕರೆದುಕೊಂಡು ಹೋಗುತ್ತೇನೆ ಅಂತ.

ಮೊದಲ ಬಾಟ್ಲಿಯಲ್ಲಿ ಬೀಜ ಏರುತ್ತಾ ಬಂತು. ಎರಡನೆಯದು ಖಾಲಿ. ಇಗರ್ಜಿಯಿಂದ ಬರುವಾಗ ಜನ ನಿಲ್ಲಿಸಿ ಕೇಳುವರು, ನಾನು ಬಾಟ್ಲಿ ತೋರಿಸುವೆ. ನಿನ್ನ ಗಂಡನೂ ತಮಾಷೆ ಮಾಡುತ್ತಿದ್ದ. ಅವನು ಹೊಲಿದ ರವಿಕೆಯ ತೋಳು ಯಾವತ್ತೂ ಬಿಗಿ. ಕೇಳಿದರೆ, "ಬಟ್ಟೆ ಸರಿ ಉಂಟು ಬಾಯಮ್ಮ, ಬಾಟ್ಲಿ ತುಂಬಿದ ಹಾಗೆ ನಿಮ್ಮ ಕೈಯೂ ತುಂಬಿದ್ದು" ಎನ್ನುವವ.

ಅವನೇ ಹಳದಿ ಕಣ್ಣಿನಲ್ಲಿ ಬಂದ. ಮದ್ದು ಕೊಟ್ಟೆ, ಉಪ್ಪಿಲ್ಲದ ಗಂಜಿಯ ಪಥ್ಯ ಹೇಳಿದೆ. ಎಂಟನೇ ದಿನ ಪುನಃ ಬಂದ. ಹಳದಿ ಇಳಿದಿರಲಿಲ್ಲ, ಏರಿತ್ತು. ಬೆಳಿಗ್ಗೆಯಿಂದ ಎರಡು ಸಲ ವಾಂತಿಯಾಯಿತು, ನೀನು ಹೆದರುತ್ತೀ ಅಂತ ನಿನಗೆ ಹೇಳಲಿಲ್ಲ ಅಂದ. ಆಗ ನನ್ನ ಕಣ್ಣು ಅವನ ಮುಖಕ್ಕಿಂತ ಮೊದಲು ಆ ಖಾಲಿ ಬಾಟ್ಲಿಗೆ ಹೋಯಿತು. ಇದನ್ನು ಇನ್ನೊಂದು ಸಲ ಬರೆಯುತ್ತೇನೆ — ಬಾಟ್ಲಿಗೆ ಹೋಯಿತು. ಮೆಟ್ಟಿಲು ಹತ್ತಬೇಡ ವಾಮನ, ಮನೆಗೆ ಹೋಗಿ ಪಥ್ಯ ಹಿಡಿ, ಇಳಿಯುತ್ತದೆ ಅಂತ ಜಗಲಿಯಿಂದಲೇ ಹೇಳಿ ಕಳಿಸಿದೆ. ಅವನು ಕೆಳಗಿನ ಕಲ್ಲಿನ ಮೇಲೆ ಸ್ವಲ್ಪ ಕೂತು, ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಒರೆಸಿ ಹೋದ. ನೀರು ಬೇಕಾ ಅಂತಲೂ ನಾನು ಕೇಳಲಿಲ್ಲ.

ಮರುದಿನ ಡಾಕ್ಟರಮ್ಮ ಬಂದಳು. ಪುಸ್ತಕ ತೆರೆದು, ಟೈಲರ್ ವಾಮನ ಹೇಗಿದ್ದಾನೆ, ಅವನ ಮನೆಗೂ ಒಂದು ಸಲ ಹೋಗಿ ಬರುತ್ತೇನೆ ಅಂದಳು.

"ಅವನಿಗೆ ಗುಣವಾಯಿತು" ಅಂದೆ. "ಮಂಗಳೂರಿಗೆ ಕೆಲಸಕ್ಕೆ ಹೋಗಿದ್ದಾನೆ."

ಅವಳ ಎದುರೇ ಒಂದು ಬೀಜ ತೆಗೆದು ಮೊದಲ ಬಾಟ್ಲಿಗೆ ಹಾಕಿದೆ. ಅವಳು ನಂಬಿದಳು. ನಿಮ್ಮ ಮನೆಯ ದಾರಿಯಲ್ಲೇ ಜೀಪು ಹೋಯಿತು, ನಿಲ್ಲಲಿಲ್ಲ. ನಾಲ್ಕು ದಿನದ ಮೇಲೆ ನೀವು ಅವನನ್ನು ಪ್ರಜ್ಞೆ ಇಲ್ಲದೆ ಮಂಗಳೂರಿಗೆ ಕೊಂಡುಹೋದಿರಿ. ಪುನಃ ತಂದದ್ದು —

ಆ ದಿನ ನಿಮ್ಮ ಅಂಗಳದಲ್ಲಿ, ಎಲ್ಲರ ಎದುರು, ಗಂಜಿಗೆ ಉಪ್ಪು ಬಿದ್ದಿತ್ತಾ ಅಂತ ನಿನ್ನನ್ನು ಕೇಳಿದ್ದು ನಾನೇ. ಮಾಂಯ್ ಕಲಿಸಿದ ಮಾತು ಅದು: ಮದ್ದು ಹಿಡಿಯದಿದ್ದರೆ ಪಥ್ಯ ಕೇಳು. ನೀನು ಅಳುತ್ತಾ ಹೇಳಿದೆ — ಹತ್ತನೇ ದಿನ ಅವರಿಗೆ ಏನೂ ಸೇರುತ್ತಿರಲಿಲ್ಲ ಬಾಯಮ್ಮ, ಒಂದು ಚಿಟಿಕೆ ಹಾಕಿದೆ. ಹತ್ತನೇ ದಿನ. ಅವನು ನನ್ನ ಮೆಟ್ಟಿಲಿಗೆ ಬಂದದ್ದು ಎಂಟನೇ ದಿನ. ಉಪ್ಪು ಬೀಳುವ ಮೊದಲೇ ರೋಗ ಏರಿತ್ತು ಅಂತ ಆ ಅಂಗಳದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನು ತಲೆ ತಗ್ಗಿಸಿ ಮೇಲೆ ಬಂದೆ. ಮತ್ತೆ ಯಾರಿಗೂ ಮದ್ದು ಕೊಡಲಿಲ್ಲ. ಕೇಳಿದವರಿಗೆ ಗಂಟು ನೋವು ಅಂದೆ, ಬಾಟ್ಲಿಗಳನ್ನು ಅಟ್ಟಕ್ಕೆ ಹಾಕಿದೆ.

ಕಳೆದ ಭಾನುವಾರ ನೀನು ಮಗುವನ್ನು ನೋಡಲಿಕ್ಕೆ ಬಂದೆ. ವಾಮನನ ಮೆಷಿನಿನಲ್ಲಿ ನೀನೇ ಹೊಲಿದ ಬಿಳಿ ಫ್ರಾಕು ತಂದೆ. ಜೆಸಿಂತಾ ಚಾ ಜೊತೆ ಖಾರಕಡ್ಡಿ ಇಟ್ಟಳು, ನೀನು ಬಟ್ಟಲು ಆಚೆ ಸರಿಸಿದೆ. ಹನ್ನೊಂದು ವರ್ಷದಿಂದ ನೀನು ಉಪ್ಪು ಮುಟ್ಟುವುದಿಲ್ಲ. ಜನ ಅದನ್ನು ವ್ರತ ಅನ್ನುತ್ತಾರೆ. ಮಗುವಿನ ಕೆನ್ನೆ ಮುಟ್ಟಿ ನೀನು ಹೇಳಿದೆ: "ನಿಮ್ಮ ಮದ್ದೇ ಕೊಡಬಹುದಿತ್ತಲ್ಲ ಬಾಯಮ್ಮ. ತಪ್ಪು ಮದ್ದಿನದ್ದಲ್ಲ. ನನ್ನ ಕೈಯದ್ದು."

ನಾನು ಒಳಗೆ ಹೋದೆ. ಒಲೆಯಲ್ಲಿ ಹಾಲು ಇಟ್ಟಿದ್ದೇನೆ ಅಂದೆ. ಹಾಲು ಇರಲಿಲ್ಲ.

ಮರುದಿನ ಆ ಡಾಕ್ಟರಮ್ಮನ ನಂಬ್ರ ಹುಡುಕಿಸಿ ಫೋನ್ ಮಾಡಿದೆ. ಒಂದು ಬೀಜ ತಪ್ಪು ಬಾಟ್ಲಿಯಲ್ಲಿ ಉಂಟು ಅಂದೆ, ಎಲ್ಲ ಹೇಳಿದೆ. ನೀವು ಬಂದಿದ್ದರೆ ಅವನು ಬದುಕುತ್ತಿದ್ದನಾ ಅಂತ ಕೇಳಿದೆ. ಬೈದರೂ ಸಾಕು ಅಂತ ಇತ್ತು ನನಗೆ.

"ಬದುಕುತ್ತಿದ್ದ ಅನ್ನಲಿಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ. ಬದುಕುತ್ತಿರಲಿಲ್ಲ ಅನ್ನಲಿಕ್ಕೂ ಇಲ್ಲ. ಆದರೆ ನಾನು ಅಂದು ಜೀಪು ನಿಲ್ಲಿಸುತ್ತಿದ್ದೆ" ಅಂದಳು. ಆಮೇಲೆ, ಒಂದು ಚಿಟಿಕೆ ಉಪ್ಪಿಗೆ ಯಾರೂ ಸಾಯುವುದಿಲ್ಲ, ಅದನ್ನು ಅವನ ಹೆಂಡತಿಗೆ ಮೊದಲು ಹೇಳಿ, ಸಂಘಕ್ಕೆ ಆಮೇಲೆ ಅಂದಳು.

ಅಟ್ಟದಿಂದ ಬಾಟ್ಲಿ ಇಳಿಸಿದ್ದೇನೆ. ಬೀಜಕ್ಕೆಲ್ಲ ಹುಳ ಹಿಡಿದಿದೆ. ಯಾವುದು ವಾಮನನದ್ದು ಅಂತ ನನಗೆ ಗೊತ್ತಾಗಲಿಲ್ಲ. ಉಳಿದದ್ದರಲ್ಲಿ ಎಷ್ಟು ಸುಳ್ಳೋ ಅದೂ ಗೊತ್ತಿಲ್ಲ. ಒಂದನ್ನು ಎತ್ತಿ ಎರಡನೇ ಬಾಟ್ಲಿಗೆ ಹಾಕಿದೆ. ಸಂಘದ ಮುಂದಿನ ಮೀಟಿಂಗಿನಲ್ಲಿ ಎರಡನ್ನೂ ಮೇಜಿನ ಮೇಲೆ ಇಟ್ಟು, ನನ್ನ ಬಾಯಲ್ಲೇ ಹೇಳುತ್ತೇನೆ.

ಅದಕ್ಕೆ ಮೊದಲು ನಾಳೆ ಬೆಳಿಗ್ಗೆ ನಿನ್ನ ಮನೆಗೆ ಬಂದು ಈ ಕಾಗದ ಓದುತ್ತೇನೆ. ಅಂಗಳದಲ್ಲೇ ನಿಲ್ಲುತ್ತೇನೆ, ಹತ್ತು ಅಂತ ನೀನು ಹೇಳದೆ ಮೆಟ್ಟಿಲು ಹತ್ತುವುದಿಲ್ಲ. ಫ್ರಾಕು ವಾಪಸು ಕೇಳಿದರೆ ಕೊಡುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ.

ಒಂದೇ ಕೇಳುವುದು. ನಾಳೆ ಮಧ್ಯಾಹ್ನ, ನನ್ನನ್ನು ಓಡಿಸಿ ಆದ ಮೇಲಾದರೂ ಸರಿ — ನಿನ್ನ ಗಂಜಿಗೆ ಉಪ್ಪು ಹಾಕಿಕೋ, ದೇವಕಿ.